ಮೂಗಿನ ಮೂಲಕ ಗಡ್ಡೆ ತೆಗೆಸಿಕೊಂಡವರ ವುಝೂ, ನಮಾಝ್
ಕಾಗವಾಡದ ಕಡೆಯಿಂದ ಮಿರಜ, ಬೆಳಗಾವಿಗೆ ಹೋಗಿ ಪಿಟ್ಯುಟರಿ ಗ್ರಂಥಿಯ ಗಡ್ಡೆಯನ್ನು ಮೂಗಿನ ಮೂಲಕ ತೆಗೆಸಿಕೊಂಡವರು ಗಮನಿಸಿ. ಮೆದುಳಿನ ಸುತ್ತಲಿನ ನೀರು ಸೋರದಂತೆ ಹಾಕಿದ ತೇಪೆ ಕೂಡಿಕೊಳ್ಳಲು ಕೆಲವು ವಾರ ಬೇಕು. ಶಸ್ತ್ರವೈದ್ಯರು ಒಪ್ಪುವವರೆಗೆ ಜೋರಾಗಿ ಸಿಂಬಳ ತೆಗೆಯಬೇಡಿ, ಬಾಯಿ ತೆರೆದೇ ಸೀನಿ, ಭಾರ ಎತ್ತಬೇಡಿ, ಮಲವಿಸರ್ಜನೆಗೆ ತಿಣುಕಬೇಡಿ.

ವುಝೂವಿನಲ್ಲಿ ಮೂಗಿಗೆ ನೀರೆಳೆಯಬೇಡಿ. ರುಕೂ, ಸುಜೂದ್‌ಗೆ ತಲೆ ತಗ್ಗಿಸದೆ ಕುಳಿತು ಸನ್ನೆಯಿಂದ ನಮಾಝ್ ಮಾಡಿ. ರೋಗಿಗೆ ಧರ್ಮದಲ್ಲಿ ರಿಯಾಯಿತಿ ಇದೆ. ಗುಸ್ಲ್ ಬಗ್ಗೆ ಆಲಿಮರನ್ನು ಕೇಳಿ. ನಮ್ಮ ಯುನಾನಿಯಲ್ಲಿ ಮೂಗಿಗೆ ಬಿಡುವ ಬಾದಾಮಿ ಎಣ್ಣೆ, ಹಬೆಯೂ ಆಗ ಬೇಡ.

ತಲೆ ಬಗ್ಗಿಸಿದಾಗ ಮೂಗಿನಿಂದ ತಿಳಿನೀರು ತೊಟ್ಟಿಕ್ಕಿದರೆ, ಗಂಟಲಿಗೆ ಉಪ್ಪುನೀರು ಇಳಿದರೆ ನೆಗಡಿಯೆಂದು ಸುಮ್ಮನಿರಬೇಡಿ. ಸೋಂಕು ಮೆದುಳಿನ ಪೊರೆಗೆ ತಲುಪಿ ಜೀವಕ್ಕೇ ಅಪಾಯವಾದೀತು. ಅಂದೇ ಶಸ್ತ್ರಚಿಕಿತ್ಸೆಯಾದ ಆಸ್ಪತ್ರೆಗೆ ಹೋಗಿ.