ರೆಕ್ಕೆ ಕಟ್ಟುವ ಮೊದಲು

ಮಕ್ಕಳೇ, ನಂಜನಗೂಡಿನ ಅಣ್ಣ, ನರಸೀಪುರಕ್ಕೆ ಕೊಟ್ಟ ತಂಗಿ ಇಬ್ಬರೂ ಕೂಡಿ ನಾಲ್ಕು ಸೀಟಿನ ಕಿಟ್ ವಿಮಾನ ತರಿಸಿ ನಾವೇ ಜೋಡಿಸುತ್ತೇವೆ ಅಂದಿರಲ್ಲ, ಅದನ್ನು ಹುಚ್ಚು ಎಂದು ತಳ್ಳಿಹಾಕುವವನು ನಾನಲ್ಲ. ಈ ನಾಡಿಗೆ ಆ ಆಸೆ ಹೊಸದೂ ಅಲ್ಲ. 1940ರಲ್ಲಿ ಮೈಸೂರು ಸರ್ಕಾರ ತಾನೂ ದುಡ್ಡು ಹಾಕಿ, ವಾಲ್‌ಚಂದ್ ಹೀರಾಚಂದರ ಜೊತೆ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ತೆರೆಯಿತು. ಮರುವರ್ಷ ಅಲ್ಲಿಂದ ಮೊದಲು ಹೊರಬಂದದ್ದು ಅಮೆರಿಕದ ವಿನ್ಯಾಸದ ಹಾರ್ಲೋ ತರಬೇತಿ ವಿಮಾನ. ಮುಂದೆ ಅದೇ ಬೆಂಗಳೂರಿನ ರಾಜಹಂಸ ಅಲ್ಟ್ರಾಲೈಟ್ಸ್‌ನವರ ಎಕ್ಸ್-ಏರ್ ಎಂಬ ಎರಡು ಸೀಟಿನ ಕಿಟ್ ಬ್ರಿಟನ್ನಿಗೂ ಹೋಯಿತು. ಅಲ್ಲಿಯ ಜನ ಅದನ್ನು ತಮ್ಮ ಶೆಡ್ಡುಗಳಲ್ಲಿ ಜೋಡಿಸಿ ಹಾರಿಸಿದರು.

ಆದರೆ ನಿಮ್ಮಿಬ್ಬರ ಆಸೆ ಒಂದೇ ಅಲ್ಲ. ಇದು ನಿಮಗೇ ಇನ್ನೂ ಗೊತ್ತಾದಂತಿಲ್ಲ. ಅಣ್ಣನಿಗೆ ಕಟ್ಟುವ ಆಸೆ. ಡ್ರಿಲ್ಲು, ರಿವೆಟ್ಟು, ನಕ್ಷೆ ಅಂದರೆ ಅವನ ಕಣ್ಣು ಅರಳುತ್ತದೆ. ತಂಗಿಗೆ ಹಾರುವ ಆಸೆ, ಮಕ್ಕಳನ್ನು ಕೂರಿಸಿಕೊಂಡು ಮೇಲಿನಿಂದ ಕಾವೇರಿ-ಕಪಿಲೆ ಕೂಡುವುದನ್ನು ತೋರಿಸುವ ಆಸೆ. ಎರಡೂ ಒಳ್ಳೆಯವೇ. ಒಂದೇ ಕಿಟ್ ಎರಡನ್ನೂ ತೀರಿಸುತ್ತದೆ ಎಂದು ನಂಬಿ ದುಡ್ಡು ಕಟ್ಟಬೇಡಿ ಅಂತಷ್ಟೇ ನಾನು ಹೇಳುವುದು. ಹಾರಬೇಕು ಅನ್ನುವವಳನ್ನು ವರ್ಷಗಟ್ಟಲೆ ಶೆಡ್ಡಿನ ಬಾಗಿಲಲ್ಲಿ ಕಾಯಿಸಿದರೆ ಸಂಸಾರದಲ್ಲಿ ಕಹಿ ಬೆಳೆಯುತ್ತದೆ. ಅವಳ ಅವಸರಕ್ಕೆ ಕಟ್ಟುವವನು ಓಡಿದರೆ ತೂತಿನ ಅಂಚಿನ ಮುಳ್ಳು ತೆಗೆಯುವುದನ್ನು ಮರೆಯುತ್ತಾನೆ. ಲೋಹದಲ್ಲಿ ಬಿರುಕು ಹುಟ್ಟುವುದು ಅಂಥ ಅಂಚಿನಿಂದಲೇ.

ಆಲಪ್ಪುಳದ ಅಶೋಕ್ ತಾಮರಾಕ್ಷನ್ ಕಟ್ಟಲಿಲ್ಲವೇ ಎಂದು ನೀವು ಕೇಳಿದಿರಿ. ಕಟ್ಟಿದರು. ಲಾಕ್‌ಡೌನ್ ಕಾಲದಲ್ಲಿ, ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ, ದಕ್ಷಿಣ ಆಫ್ರಿಕಾದ ಸ್ಲಿಂಗ್ ಟಿಎಸ್‌ಐ ಕಿಟ್ ತರಿಸಿ, ಸುಮಾರು 18 ತಿಂಗಳಲ್ಲಿ ಮುಗಿಸಿ, ಚಿಕ್ಕ ಮಗಳ ಹೆಸರಿಟ್ಟು, ಮನೆಮಂದಿಯನ್ನು ಯುರೋಪಿನಲ್ಲಿ ಸುತ್ತಾಡಿಸಿದರು. ಖರ್ಚು ಒಂದು ಕೋಟಿ ಎಂಬತ್ತು ಲಕ್ಷದ ಆಸುಪಾಸು ಎಂದು ಪತ್ರಿಕೆಗಳು ಬರೆದವು. ಅವರ ಶ್ರಮವನ್ನು ನಾನು ಕೈಮುಗಿದು ಒಪ್ಪುತ್ತೇನೆ. ಆದರೆ ಅವರ ಸುತ್ತ ಏನಿತ್ತು ನೋಡಿ. ಆ ದೇಶದಲ್ಲಿ ಹಂತಹಂತಕ್ಕೂ ಬಂದು ನೋಡಿ ಸಹಿ ಹಾಕುವ ಪರಿವೀಕ್ಷಕರಿದ್ದಾರೆ, ಹುಲ್ಲು ಹಾಸಿನ ಸಣ್ಣ ನಿಲ್ದಾಣಗಳಿವೆ, ಅದೇ ಕೆಲಸ ಮಾಡಿ ಕೈ ಪಳಗಿದ ನೆರೆಹೊರೆಯಿದೆ. ನಮ್ಮಲ್ಲಿಯ ಕಥೆ ಬೇಕಾದರೆ ಮುಂಬೈನ ಕ್ಯಾಪ್ಟನ್ ಅಮೋಲ್ ಯಾದವ್ ಅವರದು. ಮನೆಯ ತಾರಸಿಯ ಮೇಲೆ ತಾವೇ ವಿನ್ಯಾಸ ಮಾಡಿ ಆರು ಸೀಟಿನ ವಿಮಾನ ಕಟ್ಟಿ, 2016ರ ಮೇಕ್ ಇನ್ ಇಂಡಿಯಾ ಮೇಳದಲ್ಲಿ ನಿಲ್ಲಿಸಿದರು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನೋಂದಣಿ ಸಿಕ್ಕಿದ್ದು 2017ರಲ್ಲಿ. ಹಾರಿಸಿ ನೋಡಲು ಪರವಾನಗಿ ಬರಲು ಮತ್ತೆರಡು ವರ್ಷ ಹಿಡಿಯಿತು. ಆದ್ದರಿಂದ ಮೊದಲ ರಿವೆಟ್ ಹೊಡೆಯುವ ಮೊದಲೇ ಡಿಜಿಸಿಎಗೆ ಬರೆದು, ಉತ್ತರವನ್ನು ಲಿಖಿತವಾಗಿ ಕೈಯಲ್ಲಿ ಹಿಡಿಯಿರಿ. ಬಾಯಿಮಾತಿಗೆ ನೆಚ್ಚಬೇಡಿ.

ಜಾಗದ ಮಾತಿಗೆ ಬರೋಣ. ನಮ್ಮ ಜಮೀನಿನಲ್ಲೇ ರನ್‌ವೇ ಮಾಡಿಕೊಳ್ಳುತ್ತೇವೆ ಅಂದಿರಿ. 600 ಮೀಟರ್ ಉದ್ದ, 30 ಮೀಟರ್ ಅಗಲ ಎಂದರೂ ನಾಲ್ಕೂವರೆ ಎಕರೆ ಹೋಯಿತು. ಅದೂ ನೀರು ನಿಲ್ಲದ ನೆಲ ಬೇಕು. ನಾಲೆಯ ಕೆಳಗಿನ ಭತ್ತದ ಗದ್ದೆ ಆಗದು. ಎರಡೂ ತುದಿಯಲ್ಲಿ ತೆಂಗು ಇರಬಾರದು, ವಿದ್ಯುತ್ ತಂತಿ ಹಾದಿರಬಾರದು. ಅನುಮತಿ ಬೇರೆಯೇ ಮಾತು. ಮಂಡಕಳ್ಳಿ ವಿಮಾನ ನಿಲ್ದಾಣದಲ್ಲೇ ಇಡುತ್ತೇವೆ ಅಂದರೆ, ನರಸೀಪುರದಿಂದ ಅಲ್ಲಿಗೆ ಬಂದು, ತಪಾಸಣೆ ಮುಗಿಸಿ, ಒಪ್ಪಿಗೆ ಪಡೆದು ಏಳುವಷ್ಟರಲ್ಲಿ ಅರ್ಧ ದಿನ ಕಳೆಯುತ್ತದೆ. ಕಬಿನಿಯಿಂದ ನೀರು ಬಿಟ್ಟು ಮಲ್ಲನಮೂಲೆಯ ಹತ್ತಿರ ರಸ್ತೆ ಮುಳುಗಿದಾಗ ಉಪಯೋಗಕ್ಕೆ ಬರುತ್ತದೆ ಎಂದು ತಂಗಿ ಹೇಳಿದಳು. ಇಲ್ಲಮ್ಮ. ಅಂಥ ದಿನ ಮೋಡ ತಲೆಯ ಮೇಲೇ ಕೂತಿರುತ್ತದೆ. ಕಣ್ಣನ್ನು ನೆಚ್ಚಿ ಹಾರುವ ಸಣ್ಣ ವಿಮಾನ ಆಗ ಶೆಡ್ಡಿನಲ್ಲೇ ಇರಬೇಕು.

ಪೆಟ್ರೋಲಿನ ವಿಷಯವನ್ನು ಯಾರೂ ನಿಮಗೆ ಹೇಳಿರಲಾರರು. ಇಂಥ ಕಿಟ್‌ಗಳಲ್ಲಿ ಹೆಚ್ಚಾಗಿ ಕೂರಿಸುವ ರೋಟ್ಯಾಕ್ಸ್ 912, 915 ಎಂಜಿನ್ನುಗಳಿಗೆ ತಯಾರಕರು ಒಪ್ಪಿರುವುದು ಶೇ. 10ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ನಂಜನಗೂಡಿನ ಬಂಕಿನಲ್ಲಿ ಈಗ ಸಾಮಾನ್ಯವಾಗಿ ಸಿಗುವುದು ಶೇ. 20ರದ್ದು. ವಿಮಾನಕ್ಕೆಂದೇ ಇರುವ ಏವ್‌ಗ್ಯಾಸ್ ಎಲ್ಲಿಂದ, ಯಾವ ದರಕ್ಕೆ, ತಿಂಗಳಿಗೆ ಎಷ್ಟು ಸಿಗುತ್ತದೆ ಎಂದು ವಿಚಾರಿಸದೆ ಎಂಜಿನ್ ಆರಿಸಬೇಡಿ.

ಇನ್ನು ನನ್ನ ನಿದ್ದೆಗೆಡಿಸಿರುವ ಮಾತು. ನಾಲ್ಕು ಸೀಟು ಇದ್ದ ಮಾತ್ರಕ್ಕೆ ನಾಲ್ಕು ದೊಡ್ಡವರು, ಪೆಟ್ಟಿಗೆ, ತುಂಬಿದ ಟ್ಯಾಂಕು ಎಲ್ಲವನ್ನೂ ವಿಮಾನ ಎತ್ತುತ್ತದೆ ಎಂದಲ್ಲ. ಪ್ರತಿ ಸಲವೂ ತೂಕದ ಲೆಕ್ಕ ಹಾಕಬೇಕು, ಲೆಕ್ಕ ಒಪ್ಪದಿದ್ದರೆ ಅತ್ತೆಯನ್ನೋ ಮಗನನ್ನೋ ಕೆಳಗಿಳಿಸುವ ಗಟ್ಟಿತನ ಬೇಕು. ಕಟ್ಟುವಾಗಿನ ಎಚ್ಚರವೂ ಅಷ್ಟೇ ಮುಖ್ಯ. 1997ರಲ್ಲಿ ಗಾಯಕ ಜಾನ್ ಡೆನ್ವರ್ ತೀರಿಕೊಂಡದ್ದು ಯಾರೋ ಮನೆಯಲ್ಲಿ ಕಟ್ಟಿದ್ದ ಲಾಂಗ್-ಈಝಡ್ ವಿಮಾನದಲ್ಲಿ. ಅವರು ಅದನ್ನು ಕೊಂಡು ಕೆಲವೇ ದಿನವಾಗಿತ್ತು. ಟ್ಯಾಂಕು ಬದಲಿಸುವ ಹಿಡಿಯನ್ನು ಕಟ್ಟಿದವರು ನಕ್ಷೆಯಲ್ಲಿದ್ದ ಜಾಗ ಬಿಟ್ಟು ಪೈಲಟ್‌ನ ಎಡಭುಜದ ಹಿಂದೆ ಕೂರಿಸಿದ್ದರು. ನಕ್ಷೆಯಿಂದ ಒಂದು ಹಿಡಿಯನ್ನೂ ಕದಲಿಸಬೇಡ ಎಂದು ಅಣ್ಣನಿಗೆ ಹೇಳುವುದು ಇದಕ್ಕೇ. ಅಮೆರಿಕದಲ್ಲಿ ಮನೆಯಲ್ಲಿ ಕಟ್ಟಿದ ವಿಮಾನವನ್ನು ಮೊದಲ ಹಂತದ ಪರೀಕ್ಷಾ ಹಾರಾಟಗಳು ಮುಗಿಯುವವರೆಗೆ ಪ್ರಯಾಣಿಕರಿಲ್ಲದೆ ಹಾರಿಸಬೇಕೆಂಬ ಕಟ್ಟಳೆಯಿದೆ. ಇಲ್ಲಿ ಕಾನೂನು ಏನೇ ಹೇಳಲಿ, ಅಂಥ ಹಾರಾಟಗಳು ಮುಗಿಯುವ ತನಕ ನಮ್ಮ ಮನೆಯ ಮಕ್ಕಳು ಅದರ ಮೆಟ್ಟಿಲು ಹತ್ತಬಾರದು.

ನನ್ನನ್ನು ಕೇಳಿದರೆ, ನಾಲ್ಕು ಸೀಟಿನ ಕಿಟ್ ಈಗ ಬೇಡ. ತಂಗಿ ಮೊದಲು ವೈದ್ಯಕೀಯ ಪರೀಕ್ಷೆ ಮಾಡಿಸಿಕೊಂಡು ಮಂಡಕಳ್ಳಿಯ ತರಬೇತಿ ಶಾಲೆಯಲ್ಲೋ ಬೆಂಗಳೂರಿನ ಜಕ್ಕೂರಿನಲ್ಲೋ ವಿಚಾರಿಸಲಿ. ಖಾಸಗಿ ಪೈಲಟ್ ಲೈಸೆನ್ಸಿಗೆ ಕನಿಷ್ಠ 40 ಗಂಟೆ ಹಾರಾಟ ಬೇಕು. ಅಷ್ಟು ಮುಗಿಸಿದಾಗಲೂ ಆಸೆ ಉಳಿದಿದೆಯೇ ನೋಡೋಣ. ಅಣ್ಣ ಬಾಲದ ಭಾಗದ ಕಿಟ್ ಮಾತ್ರ ತರಿಸಲಿ. ಹಾಗೆ ಬಿಡಿಯಾಗಿ ಮಾರುವ ತಯಾರಕರಿದ್ದಾರೆ. ಅದನ್ನು ಮುಗಿಸಿ, ತಪ್ಪು ಬಿದ್ದ ರಿವೆಟ್ಟುಗಳನ್ನು ಬೇಸರವಿಲ್ಲದೆ ತೆಗೆದು ಮತ್ತೆ ಹಾಕಿದನೆಂದರೆ, ಎರಡು ಸೀಟಿನದೊಂದಕ್ಕೆ ನಾನೇ ಜೊತೆ ನಿಲ್ಲುತ್ತೇನೆ.

ಆ ಹೊತ್ತಿಗೆ ಇಬ್ಬರ ನಡುವೆ ಕರಾರು ಪತ್ರ ಆಗಿರಲಿ. ಯಾರ ಪಾಲು ಎಷ್ಟು, ಶೆಡ್ಡಿನ ಬಾಡಿಗೆ ಯಾರದು, ವರ್ಷದ ತಪಾಸಣೆಗೆ ಹಣ ಯಾರು ಕೊಡಬೇಕು, ಒಬ್ಬರಿಗೆ ಬೇಡವಾದರೆ ಪಾಲನ್ನು ಯಾವ ಬೆಲೆಗೆ ಬಿಡಬೇಕು, ಎಲ್ಲ ಅದರಲ್ಲಿ ಬರೆಯಿರಿ. ಹೊರಡುವ ದಿನ ಇಬ್ಬರಲ್ಲಿ ಯಾರೇ ಬೇಡ ಅಂದರೂ, ಕಾರಣ ಕೇಳದೆ ವಿಮಾನ ಶೆಡ್ಡಿನಲ್ಲೇ ಉಳಿಯಬೇಕು ಎಂಬ ಸಾಲೂ ಆ ಪತ್ರದಲ್ಲಿ ಇರಲಿ.