ಒಂದು ಸೊಂಟ, ಎರಡು ಹಗ್ಗ: ಬಾದಾಮಿಯಲ್ಲಿ ಕಲಿತ ಎಸ್‌ಒಎಂ

ಸ್ಟ್ರೆಂತ್ ಆಫ್ ಮೆಟೀರಿಯಲ್ಸ್‌ನಲ್ಲಿ ಒಂದು ಸಾಲು ಬರುತ್ತೆ: ಭಾರವನ್ನು ನಿಧಾನಕ್ಕೆ ಹೇರಿದಾಗ ಹುಟ್ಟುವ ಸ್ಟ್ರೆಸ್‌ಗಿಂತ ದಿಢೀರನೆ ಹೇರಿದಾಗ ಹುಟ್ಟುವುದು ಎರಡು ಪಟ್ಟು. ನಾವೆಲ್ಲ ಇದನ್ನ ಎರಡು ಮಾರ್ಕಿಗಾಗಿ ಬಾಯಿಪಾಠ ಮಾಡಿ ಮರೆತವರೇ. ಅದು ಮತ್ತೆ ನೆನಪಾಗಿದ್ದು ಕಳೆದ ಡಿಸೆಂಬರ್‌ನಲ್ಲಿ, ಬಾದಾಮಿಯ ಕೆಂಪು ಬಂಡೆಯ ಬುಡದಲ್ಲಿ, ಒಂದು ಮುಧೋಳ ನಾಯಿಯ ದೆಸೆಯಿಂದ.

ನಾವು ನಾಲ್ಕು ಜನ, ಎರಡು ನಾಯಿ, ಒಂದು ಹಳೇ ಕಾರು. ಕರಿಯ ನಮ್ಮ ಹಾಸ್ಟೆಲ್ ಮೆಸ್ಸಿನ ಹಿಂದೆ ಹುಟ್ಟಿ ಬೆಳೆದವನು. ಬಾಣ ಗೆಳೆಯನ ಮನೆಯ ಮುಧೋಳ. ಬೆಂಗಳೂರಿನಿಂದ ಚಿತ್ರದುರ್ಗ, ಹೊಸಪೇಟೆ, ಕುಷ್ಟಗಿ, ಗಜೇಂದ್ರಗಡದ ಮೇಲೆ ಬಾದಾಮಿಗೆ ಸುಮಾರು 450 ಕಿಲೋಮೀಟರ್. ಎರಡು ಗಂಟೆಗೊಮ್ಮೆ ನಿಲ್ಲಿಸಿ ನಾಯಿಗಳಿಗೆ ನೀರು ಕುಡಿಸ್ತಾ ಹೋದ್ವಿ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರಲ್ಲ, ನಾಲಿಗೆ ಚಾಚಿ ತೇಕಿಯೇ ಮೈ ತಣಿಸಿಕೊಳ್ಳಬೇಕು. ಹಾಗಾಗಿ ಊಟಕ್ಕೆ ಇಳಿದಾಗಲೂ ಅವನ್ನು ಮುಚ್ಚಿದ ಕಾರಿನಲ್ಲಿ ಬಿಡಲಿಲ್ಲ, ಸರದಿ ಪ್ರಕಾರ ಒಬ್ಬರು ಹೊರಗೆ ಕಾದೆವು.

ದಾರಿಯಲ್ಲೇ ಕಲ್ಲು ಬದಲಾಗುತ್ತೆ. ಹೊಸಪೇಟೆ ಸುತ್ತ ಗ್ರಾನೈಟ್ ಗುಂಡುಗಳು, ಬಾದಾಮಿಯಲ್ಲಿ ಪದರ ಪದರದ ಮರಳುಗಲ್ಲು. ಮರಳುಗಲ್ಲು ಒದ್ದೆಯಾದರೆ ಗಟ್ಟಿತನ ಕಳಕೊಳ್ಳುತ್ತೆ, ಹಿಡಿತಗಳು ಮುರಿದು ಕೈಗೇ ಬರಬಹುದು. ಮಳೆ ಬಂದ ಮೇಲೆ ಬಂಡೆ ಪೂರ್ತಿ ಒಣಗೋ ತನಕ ಹತ್ತಬಾರದು. ಈ ವಿಷಯದಲ್ಲಿ ನಾವು ಶಿಸ್ತಾಗೇ ಇದ್ವಿ. ಎಡವಿದ್ದು ಬೇರೆ ಕಡೆ.

ಹತ್ತೋದು ಹೇಗೆ ಅಂತ ಗೊತ್ತಿಲ್ಲದವರಿಗೆ ಚಿಕ್ಕದಾಗಿ: ಬಂಡೆಗೆ ಮೊದಲೇ ಬೋಲ್ಟ್ ಹೊಡೆದಿರ್ತಾರೆ. ಹತ್ತುವವನು ಹಗ್ಗವನ್ನು ತನ್ನ ಹಾರ್ನೆಸ್‌ಗೆ ಕಟ್ಟಿಕೊಂಡು, ಒಂದೊಂದೇ ಬೋಲ್ಟಿಗೆ ಅದನ್ನು ಸಿಕ್ಕಿಸ್ತಾ ಮೇಲೆ ಹೋಗ್ತಾನೆ. ಕೆಳಗೆ ನಿಂತವನು ಬಿಲೇ ಮಾಡ್ತಾನೆ. ಅಂದ್ರೆ ಬೇಕಾದಷ್ಟೇ ಹಗ್ಗ ಬಿಡೋದು, ಬಿದ್ದರೆ ಹಿಡಿಯೋದು. ಬೋಲ್ಟಿಗಿಂತ ಒಂದು ಮೀಟರ್ ಮೇಲಿದ್ದಾಗ ಬಿದ್ದರೆ ಎರಡು ಮೀಟರ್ ಬೀಳ್ತೀವಿ, ಜೊತೆಗೆ ಹಗ್ಗ ಎಷ್ಟು ಸಡಿಲವಿತ್ತೋ ಅಷ್ಟು.

ಕೈ ಖಾಲಿ ಇರಲಿ ಅಂತ ಬಿಲೇ ಮಾಡೋ ಗೆಳೆಯ ಬಾಣನ ಹಗ್ಗವನ್ನೂ ತನ್ನ ಹಾರ್ನೆಸ್‌ಗೇ ಸಿಕ್ಕಿಸಿಕೊಂಡಿದ್ದ. ನಮಗ್ಯಾರಿಗೂ ಅದು ತಪ್ಪು ಅನ್ನಿಸಲಿಲ್ಲ. ಕುರಿ ಹೊಡಕೊಂಡು ಹೋಗ್ತಿದ್ದ ಅಜ್ಜ ಒಬ್ಬರಿಗೆ ಅನ್ನಿಸ್ತು. "ಏನೋ ತಮ್ಮಾ, ಒಂದ ಸೊಂಟಕ್ಕ ಎರಡು ಹಗ್ಗಾ ಕಟಗೊಂಡೀಯಲ್ಲೋ?" ಅಂದ್ರು. ನಕ್ಕು ಸುಮ್ಮನಾದ್ವಿ.

ಬಾದಾಮಿಯಲ್ಲಿ ಕೋತಿಗಳಿಗೆ ಬರವಿಲ್ಲ. ಮುಧೋಳ ತಳಿಯೋ, ಕಣ್ಣಿಗೆ ಕಂಡದ್ದನ್ನು ಅಟ್ಟಿಸಿಕೊಂಡು ಹೋಗೋ ಬೇಟೆನಾಯಿ. ಒಂದು ಕೋತಿ ಬಂಡೆ ಬುಡಕ್ಕೆ ಇಳೀತು, ಬಾಣ ಹೆಸರಿಗೆ ತಕ್ಕಂತೆ ಹಾರಿದ. ಗೆಳೆಯ ಬಂಡೆ ಕಡೆಗೆ ಎರಡು ಹೆಜ್ಜೆ ಎಳೆದುಕೊಂಡು ಹೋದ. ಹಗ್ಗ ಸುಮಾರು ಒಂದೂವರೆ ಮೀಟರ್ ಸಡಿಲವಾಯ್ತು. ಮೇಲಿದ್ದವನು ಜಾರಿದ್ದು ಅದೇ ಕ್ಷಣದಲ್ಲಿ.

ಗೆಳೆಯ ಬ್ರೇಕ್ ಕೈ ಬಿಡಲಿಲ್ಲ. ಬಿದ್ದವನ ಪಾದ ನೆಲದಿಂದ ಒಂದು ಮೀಟರ್ ಮೇಲೆ ನಿಂತಿತು. ಯಾರೂ ಮಾತಾಡಲಿಲ್ಲ. ಕರಿಯ ಒಬ್ಬನೇ ಬಾಲ ಅಲ್ಲಾಡಿಸ್ತಾ ಹೋಗಿ ಆ ಪಾದ ಮೂಸಿದ.

ಆ ರಾತ್ರಿ ರೂಮಿನಲ್ಲಿ ಕೂತು ಲೆಕ್ಕ ಹಾಕಿದ್ವಿ. ಬಿದ್ದವನ ಪೊಟೆನ್ಷಿಯಲ್ ಎನರ್ಜಿಯೆಲ್ಲ ಹಗ್ಗದ ಸ್ಟ್ರೇನ್ ಎನರ್ಜಿ ಆಗುತ್ತೆ ಅಂತ ಹಿಡಿದರೆ ಸಿಗೋ ಸೂತ್ರ ಇದು:

ಬ = ತ + √(ತ² + 2 × ತ × ಹ × ಫ)

ಇಲ್ಲಿ ಬ ಅಂದ್ರೆ ಹಗ್ಗದಲ್ಲಿನ ಗರಿಷ್ಠ ಬಲ, ತ ಬಿದ್ದವನ ತೂಕ, ಹ ಹಗ್ಗದ ಮಾಡ್ಯುಲಸ್ ಮತ್ತು ಅಡ್ಡಕೊಯ್ತದ ವಿಸ್ತೀರ್ಣದ ಗುಣಲಬ್ಧ. ಫ ಅಂದ್ರೆ ಫಾಲ್ ಫ್ಯಾಕ್ಟರ್, ಬಿದ್ದ ದೂರವನ್ನು ಹೊರಗಿರೋ ಹಗ್ಗದ ಉದ್ದದಿಂದ ಭಾಗಿಸಿದ್ದು. ಫ ಸೊನ್ನೆ ಅಂತ ಹಾಕಿ ನೋಡಿ: ಬಲ ತೂಕದ ಎರಡು ಪಟ್ಟು. ಎರಡು ಮಾರ್ಕಿನ ಆ ಸಾಲು ಇದೇ.

ಸೂತ್ರದಲ್ಲಿ ಬಿದ್ದ ದೂರ ಒಂಟಿಯಾಗಿ ಎಲ್ಲೂ ಇಲ್ಲ, ಅನುಪಾತ ಮಾತ್ರ ಇದೆ. ಮಾನದಂಡದ ಪರೀಕ್ಷೆಯಲ್ಲಿ ಹಗ್ಗಕ್ಕೆ 80 ಕೆಜಿ ಭಾರ ಕಟ್ಟಿ, ಫ ಸುಮಾರು 1.77 ಇರೋ ಹಾಗೆ ಬೀಳಿಸ್ತಾರೆ. ಮೊದಲ ಬೀಳಿನಲ್ಲಿ ಬಲ 12 ಕಿಲೋನ್ಯೂಟನ್ ಮೀರಬಾರದು. ನಮ್ಮ ಹಗ್ಗದ್ದು 9 ಅಂತ ಹಿಡಿದಾಗ ಹ ಸುಮಾರು 24 ಕಿಲೋನ್ಯೂಟನ್ ಬಂತು. ಎತ್ತರಗಳನ್ನೆಲ್ಲ ಬಿಲೇ ಮಾಡುವವನ ಸೊಂಟದಿಂದ ಅಳೆದರೆ ಬೋಲ್ಟ್ 5 ಮೀಟರ್, ಹತ್ತುವವನ ಸೊಂಟ 6 ಮೀಟರ್. ಅವನ ತೂಕ 65 ಕೆಜಿ.

ಸಡಿಲ ಇಲ್ಲದಿದ್ದರೆ: ಬೀಳು 2 ಮೀಟರ್, ಹಗ್ಗ 6, ಫ 0.33, ಬಲ 3.9 ಕಿಲೋನ್ಯೂಟನ್. ಒಂದೂವರೆ ಮೀಟರ್ ಸಡಿಲದಲ್ಲಿ: ಬೀಳು 3.5, ಹಗ್ಗ 7.5, ಫ 0.47, ಬಲ 4.5. ಕ್ಯಾರಬೀನರ್‌ಗಳು ಉದ್ದಕ್ಕೆ ಕನಿಷ್ಠ 20 ಕಿಲೋನ್ಯೂಟನ್ ತಡೀಬೇಕು ಅನ್ನೋದು ನಿಯಮ. ಅಂದ್ರೆ ಬಲದ ಲೆಕ್ಕದಲ್ಲಿ ನಮಗೆ ಏನೂ ಆಗಿರಲಿಲ್ಲ! ಒಂದು ಕ್ಷಣ ಸಮಾಧಾನ ಆಯ್ತು.

ಆಮೇಲೆ ಒಬ್ಬಳು ಕೇಳಿದಳು, "ಹಗ್ಗ ಹಿಗ್ಗಿದ್ದನ್ನ ಸೇರಿಸಿದ್ರಾ?" ಸೇರಿಸಿದ್ವಿ. ಸಡಿಲ ಇಲ್ಲದಿದ್ದರೆ ಹಗ್ಗ ಒಂದು ಮೀಟರ್‌ನಷ್ಟು ಹಿಗ್ಗಿ, ಬಿದ್ದವನು ಬಿಲೇ ಮಾಡುವವನ ಸೊಂಟಕ್ಕಿಂತ 3 ಮೀಟರ್ ಮೇಲೆ ನಿಲ್ತಾನೆ. ನಮ್ಮ ಸಡಿಲದಲ್ಲಿ ಹಿಗ್ಗು 1.4, ಉಳಿಯೋದು 1.1. ಇನ್ನೊಂದು ಮೀಟರ್ ಸಡಿಲ ಇದ್ದಿದ್ರೆ ಬಲ ಬರೀ 4.7, ಆದರೆ ಉಳಿಯೋದು ಸೊನ್ನೆಗಿಂತ ಕಡಿಮೆ. ಸೊಂಟ ಸೊಂಟದ ಮಟ್ಟಕ್ಕೆ ಇಳಿದರೆ ಪಾದ ನೆಲಕ್ಕೆ ಬಡಿದಿರುತ್ತೆ. ನಿಜದಲ್ಲಿ ಡಿವೈಸ್‌ನಲ್ಲಿ ಹಗ್ಗ ಸ್ವಲ್ಪ ಜಾರುತ್ತೆ, ಬಿಲೇ ಮಾಡುವವನೂ ಮೇಲಕ್ಕೆ ಎಗರುತ್ತಾನೆ. ಅದರಿಂದ ಬಲ ಇನ್ನೂ ಕಡಿಮೆ, ಬೀಳು ಇನ್ನೂ ಉದ್ದ.

ಇದೇ 2 ಮೀಟರ್ ಬೀಳು 20 ಮೀಟರ್ ಮೇಲೆ ಆದರೆ ಫ 0.1, ಬಲ ಎರಡೂವರೆ ಕಿಲೋನ್ಯೂಟನ್. ಎತ್ತರಕ್ಕೆ ಹೋದಷ್ಟೂ ಬೀಳು ಮೆತ್ತಗೆ. ನೋಡುವವರು ಹೆದರೋದು ಅಲ್ಲಿ, ಹೆದರಬೇಕಾದ್ದು ಎರಡನೇ, ಮೂರನೇ ಬೋಲ್ಟಿನ ಹತ್ತಿರ. ಅಲ್ಲಿ ಬಿಲೇ ಮಾಡುವವನ ಎರಡು ಹೆಜ್ಜೆಗೂ ಬೆಲೆ ಇದೆ.

ಮರುದಿನ ನಾಯಿಗಳನ್ನ ಬಂಡೆಯಿಂದ ದೂರ, ಕಲ್ಲು ಉದುರಿದರೂ ತಾಗದ ಕಡೆ, ಬೇವಿನ ಮರದ ನೆರಳಲ್ಲಿ ಕಟ್ಟಿದ್ವಿ. ಒಬ್ಬರು ಅವುಗಳ ಜೊತೆಗೇ ಕೂತ್ರು, ಆ ಪಾಳಿಯಲ್ಲಿ ಅವರಿಗೆ ಬೇರೆ ಕೆಲಸ ಇಲ್ಲ. ಮಧ್ಯಾಹ್ನ ಕಲ್ಲಿನ ಮೇಲೆ ಅಂಗೈ ಐದು ಸೆಕೆಂಡ್ ಇಡೋಕಾಗದಷ್ಟು ಕಾದಾಗ ವಾಪಸ್ ಹೊರಟುಬಿಟ್ವಿ, ನಾಯಿಯ ಅಂಗಾಲಿಗೆ ಬೂಟು ಇರಲ್ಲವಲ್ಲ.

ಅದಕ್ಕೆ ಮುಂಚೆ, ಬೆಳಿಗ್ಗೆ, ಅವನು ಅದೇ ಜಾಗದಲ್ಲಿ ಮತ್ತೆ ಜಾರಿದ. ಈ ಸಲ ಸಡಿಲ ಇರಲಿಲ್ಲ. ಟೇಪ್ ಹಿಡಿದು ಅಳೆದ್ವಿ: ಬಿಲೇ ಮಾಡುವವನ ಸೊಂಟದಿಂದ 2.6 ಮೀಟರ್ ಮೇಲೆ ನಿಂತಿದ್ದ. ಲೆಕ್ಕ 3 ಅಂದಿತ್ತು. ಉಳಿದ 40 ಸೆಂಟಿಮೀಟರ್‌ನಲ್ಲಿ ಡಿವೈಸ್‌ನ ಜಾರು ಎಷ್ಟು, ಗೆಳೆಯ ಎಗರಿದ್ದು ಎಷ್ಟು ಅಂತ ಜಗಳ ಆಡ್ತಾ ಇರೋವಾಗ ಅಜ್ಜ ಮತ್ತೆ ಬಂದ್ರು. ಗೆಳೆಯನ ಸೊಂಟ ನೋಡಿದ್ರು, ಮರದ ಕೆಳಗಿನ ಬಾಣನ್ನ ನೋಡಿದ್ರು, ಏನೂ ಅನ್ನದೆ ಕುರಿ ಹೊಡಕೊಂಡು ಮುಂದಕ್ಕೆ ಹೋದ್ರು.