ಕಡಿದ ಮರದ ಬೇರು ಮತ್ತು ಇಳಿಜಾರಿನ ಮಣ್ಣು

ಮಲೆನಾಡಿನ ಇಳಿಜಾರು ಹಿಡುವಳಿಗಳಲ್ಲಿ ಮರ ಕಡಿದ ವರ್ಷದ ಮಳೆಗಾಲವು ನಿರಪಾಯವಾಗಿ ಕಳೆದರೆ, ಇನ್ನು ಆ ನೆಲಕ್ಕೆ ಭಯವಿಲ್ಲವೆಂದು ಕೃಷಿಕರು ನೆಮ್ಮದಿ ತಾಳುವುದುಂಟು. ಈ ನೆಮ್ಮದಿಗೆ ಆಧಾರವಿಲ್ಲ. ಮರ ಉರುಳಿದ ದಿನವೇ ಬೇರು ಸಾಯುವುದಿಲ್ಲ. ಸತ್ತ ದಿನವೇ ಅದರ ಬಲ ಅಳಿಯುವುದೂ ಇಲ್ಲ. ಕಡಿತಲೆಯ ನೆನಪೇ ಮಾಸಿದ ಮೇಲೆ, ಹೊಸ ಸಸಿಗಳು ಹಸಿರಾಗಿ ಕಣ್ಣಿಗೆ ಸಮಾಧಾನವನ್ನೀಯುತ್ತಿರುವಾಗಲೇ, ಭೂಮಿಯೊಳಗಿನ ಹಿಡಿತವು ಅತ್ಯಂತ ಕ್ಷೀಣಾವಸ್ಥೆಗೆ ಇಳಿದಿರುತ್ತದೆ.

ಮಣ್ಣು ಒತ್ತಡವನ್ನು ತಾಳಬಲ್ಲುದು, ಎಳೆತವನ್ನು ತಾಳಲಾರದು. ಮಣ್ಣಿಗಿಲ್ಲದ ಈ ಶಕ್ತಿಯನ್ನು, ಗೋಡೆಯ ಕೆಸರಿಗೆ ಕಲಸಿದ ಹುಲ್ಲಿನಂತೆ, ಬೇರುಗಳು ಒದಗಿಸುತ್ತವೆ. ಇದರಲ್ಲಿ ಹೆಚ್ಚಿನ ಪಾಲು ಹೆಬ್ಬೇರುಗಳದಲ್ಲ. ಬೆರಳಿಗಿಂತ ತೆಳುವಾಗಿ ಎಲ್ಲೆಡೆ ಹೆಣೆದುಕೊಂಡಿರುವ ಸಣ್ಣ ಬೇರುಗಳದು. ದುರ್ದೈವವೆಂದರೆ, ಶಿಲೀಂಧ್ರ ಮತ್ತು ಗೆದ್ದಲುಗಳಿಗೆ ಮೊದಲು ತುತ್ತಾಗುವವೂ ಇವೇ. ಬೊಡ್ಡೆಯಾದರೋ ವರ್ಷಾನುಗಟ್ಟಲೆ ಗಟ್ಟಿಯಾಗಿ ನಿಂತು ನೋಡುವವರನ್ನು ವಂಚಿಸುತ್ತದೆ. ನ್ಯೂಜಿಲೆಂಡಿನಲ್ಲಿ ರೇಡಿಯೇಟಾ ಪೈನ್ ಮರದ ಬೇರುಗಳನ್ನು ಪರೀಕ್ಷಿಸಿದಾಗ, ಕಡಿದ ಸುಮಾರು 15 ತಿಂಗಳಲ್ಲಿಯೇ ಅವುಗಳ ಎಳೆತದ ಬಲ ಅರ್ಧಕ್ಕಿಳಿದಿತ್ತು. ಹೊಸ ಗಿಡಗಳ ಬೇರುಜಾಲವು ಆ ತೆರವನ್ನು ತುಂಬಲು ಹಲವು ವರ್ಷಗಳು ಬೇಕು. ಮರದ ಜಾತಿ, ಮಣ್ಣು ಮತ್ತು ಹವೆಗೆ ತಕ್ಕಂತೆ ವ್ಯತ್ಯಾಸವಾದರೂ, ಕಡಿದ 3ನೆಯ ವರ್ಷದಿಂದ ಸುಮಾರು 10ನೆಯ ವರ್ಷದವರೆಗಿನ ಕಾಲವನ್ನು ಅಪಾಯದ ಅವಧಿಯೆಂದೇ ಎಣಿಸತಕ್ಕದ್ದು.

ಇದರೊಡನೆ ನೀರಿನ ಕಾರ್ಯವೂ ಸೇರುತ್ತದೆ. ಮಳೆಯನ್ನು ತಡೆಯುತ್ತಿದ್ದ ಎಲೆಚಪ್ಪರವೂ ತೇವವನ್ನು ಹೀರುತ್ತಿದ್ದ ಜೀವಂತ ಬೇರೂ ಇಲ್ಲವಾದುದರಿಂದ ನೆಲ ಬೇಗ ನೆನೆದು ನಿಧಾನವಾಗಿ ಒಣಗುತ್ತದೆ. ಕೊಳೆತ ಬೇರಿನ ಜಾಡುಗಳು ಪೊಳ್ಳುಗಳಾಗಿ ನೀರನ್ನು ಒಳಕ್ಕೊಯ್ಯುತ್ತವೆ. ಕೆಳಗೆ ಹೊರದಾರಿಯಿದ್ದರೆ ಅದು ಹರಿದುಹೋಗುತ್ತದೆ, ಇಲ್ಲವಾದಲ್ಲಿ ಒಳಗೇ ಒತ್ತಡ ಬೆಳೆದು ಮಣ್ಣಿನ ಕಣಗಳ ಬಿಗುಹನ್ನು ಸಡಿಲಿಸುತ್ತದೆ.

ಎಲ್ಲ ಕುಸಿತಗಳನ್ನೂ ಕಡಿತಲೆಯ ಮೇಲೆ ಹೊರಿಸುವುದು ನ್ಯಾಯವಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ, ಅತಿವೃಷ್ಟಿಯೊಡನೆ ರಸ್ತೆಗೂ ಮನೆಗೂ ಇಳಿಜಾರನ್ನು ಕಡಿದು ತಟ್ಟು ಮಾಡಿದುದೂ ಕಾರಣವಾಗಿತ್ತು. ಬೇರು ಮುಟ್ಟದ ಆಳದಲ್ಲಿ ಜಾರುವ ಗುಡ್ಡವನ್ನು ಯಾವ ಮರವೂ ಹಿಡಿದು ನಿಲ್ಲಿಸಲಾರದು. ಆದರೆ ಒಂದೆರಡು ಮೀಟರು ದಪ್ಪದ ಮೇಲ್ಮಣ್ಣು ಜಾರುವಲ್ಲಿ ಬೇರಿನ ಪಾತ್ರ ನಿರ್ಣಾಯಕವಾದುದು. ನಮ್ಮ ತೋಟಗಳ ಧರೆಗಳಲ್ಲಿ ಕಾಣುವ ಕುಸಿತ ಬಹುಮಟ್ಟಿಗೆ ಈ ಬಗೆಯದು.

ಆದಕಾರಣ ಕಡಿದ ಮೇಲೆ ನೆಡುವುದಕ್ಕಿಂತ, ಎರಡು ಮೂರು ವರ್ಷ ಮುಂಚಿತವಾಗಿ ನೆಟ್ಟು ಬೇರೂರಿಸಿ ಅನಂತರ ಕಡಿಯುವುದೇ ವಿವೇಕ. ಸಿಲ್ವರ್ ಓಕ್ ಮರಗಳಿಗೆ ಒಳ್ಳೆಯ ಬೆಲೆ ಬಂದಿತೆಂದು ಇಡೀ ಇಳಿಜಾರನ್ನು ಒಂದೇ ಬಾರಿಗೆ ಬೋಳಿಸಬಾರದು. ವರ್ಷಕ್ಕಿಷ್ಟೆಂದು ಚದುರಿಸಿ ತೆಗೆಯಬೇಕು. ಹಾಲುವಾಣ, ತೇಗಗಳಂತೆ ಕಡಿದ ಬುಡದಿಂದ ಚಿಗುರುವ ಮರಗಳ ಬೇರು ಬದುಕಿರುವುದರಿಂದ ಆ ಚಿಗುರನ್ನು ಸವರಬಾರದು. ಕಡಿದಾದ ನೆಲದಲ್ಲಿ ಜೆಸಿಬಿಯಿಂದ ಬೊಡ್ಡೆ ಕೀಳಿಸುವುದು ಉಳಿದ ಹಿಡಿತವನ್ನೂ ಕೈಯಾರೆ ಕಳೆದಂತೆ. ಬೇರುರೋಗ ತಗುಲಿದ ಬೊಡ್ಡೆಯನ್ನಾದರೆ ಕಾಫಿ ಗಿಡಗಳ ಹಿತಕ್ಕಾಗಿ ತೆಗೆಯಲೇಬೇಕು. ಆಗ ಗುಂಡಿಯನ್ನು ಕೂಡಲೇ ತುಂಬಿ ದಮ್ಮಸು ಮಾಡಿ, ಸಮಪಾತಳಿಯ ಸಾಲಿನಲ್ಲಿ ಲಾವಂಚವನ್ನು ನೆಡತಕ್ಕದ್ದು. ಧರೆಯ ನೆತ್ತಿಯಲ್ಲಿ ನೀರಿಂಗಿಸುವ ಗುಂಡಿಗಳೂ ಬೇಡ. ಮೇಲಿನ ನೀರನ್ನು ಕಾಲುವೆಯಿಂದ ಪಕ್ಕಕ್ಕೆ ತಿರುಗಿಸಿರಿ.

ಕಡಿದ ವರ್ಷವನ್ನು ತೋಟದ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟು, ಮುಂದಿನ ಹತ್ತು ವರ್ಷ ಪ್ರತಿ ಮೇ ತಿಂಗಳಲ್ಲಿ ಆ ಜಾಗವನ್ನು ನಡೆದು ಪರೀಕ್ಷಿಸಿರಿ. ಧರೆಯ ಮೇಲೆ ಹೊಸ ಬಿರುಕು ಬಿಟ್ಟಿದ್ದರೆ, ಮರ ಹೊಸದಾಗಿ ವಾಲಿದ್ದರೆ, ಅಥವಾ ಮಳೆಯ ನಡುವೆ ಬುಡದ ಒರತೆ ಕೆಂಪು ನೀರು ಕಾರಿದರೆ, ಕೆಳಗಿನ ಮನೆಯಲ್ಲಿ ಆ ರಾತ್ರಿ ಯಾರನ್ನೂ ಮಲಗಗೊಡಬೇಡಿರಿ.